ನಿಂತವರ ಚೀಟಿ

ನಮ್ಮ ಅತ್ತಿಗೆ ಕೆಲಸ ಕಳೆದುಕೊಂಡಿದ್ದು ಕುರ್ಚಿಯ ದೆಸೆಯಿಂದ. ಕುರ್ಚಿಗಾಗಿ ಬಡಿದಾಡಿ ಮಾನ ಕಳೆದುಕೊಂಡ ದೊಡ್ಡವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಅವರ ಸುದ್ದಿ ಪೇಪರಿನಲ್ಲಿ ಬರುತ್ತದೆ. ಅತ್ತಿಗೆಯ ಸುದ್ದಿ ಎಲ್ಲೂ ಬರಲಿಲ್ಲ. ಅವಳು ಬಡಿದಾಡಲೂ ಇಲ್ಲ. ಸುಮ್ಮನೆ ಕೂತಳು. ಕೂತು ಊಟ ಮಾಡಿದಳು.

ನಾವು ಕೆಲಸ ಮಾಡುವ ಕಟ್ಟಡದ ಮುಂದೆ ದೊಡ್ಡ ಬೋರ್ಡಿದೆ. ಜಾಗತಿಕ ಅಭಿವೃದ್ಧಿ, ಶಿಕ್ಷಣ, ಸಾಮಾಜಿಕ ನ್ಯಾಯ ಎಲ್ಲವೂ ಆ ಬೋರ್ಡಿನ ಮೇಲಿವೆ. ಕೊನೆಯಲ್ಲಿ ‘ಸಂಸ್ಥೆಗಳ ಜಾಲ’ ಎಂದಿದೆ. ಜಾಲ ಎನ್ನುವ ಮಾತನ್ನು ನಾನು ಅಲ್ಲಿಯವರೆಗೆ ಪೇಪರಿನಲ್ಲಿ ಮಾತ್ರ ಓದಿದ್ದೆ. ಖೋಟಾ ನೋಟಿನ ಜಾಲ ಪತ್ತೆ, ಕಳ್ಳಸಾಗಣೆ ಜಾಲ ಪತ್ತೆ ಎಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಒಳಗೊಳಗೇ ಪುಕುಪುಕು. ಅತ್ತಿಗೆಯೇ ಧೈರ್ಯ ಹೇಳಿದ್ದಳು.

“ಹಂಗೇನಿಲ್ಲ ಕಣೇ. ಒಳ್ಳೇ ಜನ. ಲೋಕದಲ್ಲಿ ಅನ್ಯಾಯ ಆಗ್ತಿದೆ ಅಂತ ಮಕ್ಕಳಿಗೆ ಪಾಠ ಹೇಳ್ತಾರಲ್ಲ, ಅವ್ರಿಗೆ ಇವ್ರು ಪಾಠ ಹೇಳ್ತಾರೆ. ನಾವು ಆ ಪಾಠದ ಪಾತ್ರೆ ತೊಳೀತೀವಿ.”

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ. ನನ್ನ ಗಂಡ ಇದ್ದೂ ಇಲ್ಲದವನು. ಹಾಗಾಗಿ ನಾವಿಬ್ಬರೂ ಒಂದೇ ಕೋಣೆಯ ಮನೆಯಲ್ಲಿ, ಒಂದೇ ಒಲೆಯಲ್ಲಿ ಬದುಕುತ್ತಿದ್ದೆವು. ಆ ಕಟ್ಟಡದ ಅಡುಗೆಮನೆಗೆ ನನ್ನನ್ನು ಸೇರಿಸಿದವಳೂ ಅವಳೇ. ಅವಳು ಪಾತ್ರೆ ತೊಳೆಯುವವಳು, ನಾನು ಬಡಿಸುವವಳು. ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ‘ಸೌಟು’. ಅಡುಗೆ ಮಾಡುವವನಿಗೆ ಉಪ್ಪಣ್ಣ ಎನ್ನುತ್ತೇವೆ, ಯಾಕೆಂದು ಒಂದು ತುತ್ತು ತಿಂದವರಿಗೆ ಗೊತ್ತಾಗುತ್ತದೆ. ನಮ್ಮ ಮೇಲೆ ಗುತ್ತಿಗೆದಾರನ ಕಡೆಯ ಮೇಸ್ತ್ರಿ. ಮೇಸ್ತ್ರಿಯ ಮೇಲೆ ಗುತ್ತಿಗೆದಾರ. ಗುತ್ತಿಗೆದಾರನ ಮೇಲೆ ಜಾಲ. ಜಾಲದ ಮೇಲೆ ಯಾರಿದ್ದಾರೋ ನಮಗೆ ಗೊತ್ತಿಲ್ಲ, ಆದರೆ ಅವರು ಬರುತ್ತಾರೆಂದರೆ ಕಕ್ಕಸಿಗೆ ಹೊಸ ಸೋಪು ಬರುತ್ತಿತ್ತು.

ಪಾತ್ರೆ ತೊಳೆಯುವ ತೊಟ್ಟಿ ಸೊಂಟಕ್ಕಿಂತ ಕೆಳಗಿದೆ. ಪೂರ್ತಿ ನಿಲ್ಲುವ ಹಾಗೂ ಇಲ್ಲ, ಪೂರ್ತಿ ಕೂರುವ ಹಾಗೂ ಇಲ್ಲ. ಬಾಗಿಕೊಂಡು ನಿಲ್ಲಬೇಕು. ತಳ ಹಿಡಿದ ಹಂಡೆಯ ಒಳಗೆ ತಲೆ ಹಾಕಿ ಉಜ್ಜಬೇಕು. ಅತ್ತಿಗೆ ಬೆಳಗ್ಗೆ ತಿಂಡಿಯ ತಟ್ಟೆಯಿಂದ ಶುರು ಮಾಡಿದರೆ ಸಂಜೆಯ ಟೀ ಲೋಟದವರೆಗೂ ಹಾಗೇ ಇರುತ್ತಿದ್ದಳು. ಕಾಲಿನ ನರಗಳು ಗಂಟುಗಂಟಾಗಿ ಉಬ್ಬಿ ನೀಲಿಗಟ್ಟಿದ್ದವು. ಪಾದದ ಮೇಲೆ, ಹರಡಿನ ಹತ್ತಿರ, ಒಂದು ಹುಣ್ಣು. ಅದು ಒಣಗುತ್ತಿರಲಿಲ್ಲ. ದಿನವಿಡೀ ಸೋಪಿನ ನೀರಿನಲ್ಲಿ ನಿಂತಿರುವ ಹುಣ್ಣು ಒಣಗುವುದಾದರೂ ಹೇಗೆ. ಮನೆಗೆ ಬಂದು ಹುಣ್ಣಿಗೆ ಸುತ್ತಿದ ಬಟ್ಟೆ ಬಿಚ್ಚಿದರೆ ಚರ್ಮವೂ ಜೊತೆಗೇ ಬರುತ್ತಿತ್ತು. ನಾನು ಬಿಸಿನೀರು ಹಾಕಿ ಬಿಡಿಸುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಮೇಸ್ತ್ರಿಯ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದಳು.

ಆಸ್ಪತ್ರೆಯ ಡಾಕ್ಟರು ಕಾಲು ನೋಡಿ, ಇನ್ನು ಮೇಲೆ ಕೂತು ಮಾಡುವ ಕೆಲಸ ನೋಡಿಕೋ, ಇಲ್ಲದಿದ್ದರೆ ಹುಣ್ಣು ಮೂಳೆಗೆ ಇಳಿದು ಕಾಲೇ ಹೋಗುತ್ತದೆ ಎಂದಿದ್ದರು. ಅತ್ತಿಗೆ ತಟ್ಟನೆ, “ನಿಮ್ಮ ಕುರ್ಚಿ ಖಾಲಿ ಆದ್ರೆ ಹೇಳಿ ಕಳಿಸಿ ಡಾಕ್ಟ್ರೇ,” ಎಂದಿದ್ದಳು. ನಗಾಡಿಕೊಂಡೇ ಹೊರಗೆ ಬಂದೆವು. ಬಸ್ ಸ್ಟಾಪಿನವರೆಗೂ ನಕ್ಕೆವು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಅವಳು ನಿಂತೇ ಬಂದಳು.

ಅವಳು ಕೇಳಿದ್ದು ಒಂದು ಸ್ಟೂಲು. ತೊಟ್ಟಿಯ ಪಕ್ಕದಲ್ಲಿ ಹಾಕಿಕೊಂಡರೆ ಕೂತೇ ತೊಳೆಯಬಹುದು. ಮೇಸ್ತ್ರಿ ಆಗುವುದಿಲ್ಲ ಎಂದ. ಡ್ಯೂಟಿಯಲ್ಲಿ ಕೂರಬಾರದು ಎನ್ನುವುದು ಗುತ್ತಿಗೆಯ ನಿಯಮವಂತೆ. ಕೂತರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಪಾತ್ರೆ ಒಡೆಯುತ್ತದೆ ಎಂದ. ನಮ್ಮ ಪಾತ್ರೆಗಳೆಲ್ಲ ಸ್ಟೀಲಿನವು.

ಹಾಗೆಂದು ಆ ಕಟ್ಟಡದಲ್ಲಿ ಕುರ್ಚಿಗೇನೂ ಬರವಿರಲಿಲ್ಲ. ಸ್ಟೋರು ರೂಮಿನಲ್ಲಿ ಒಂದರ ಮೇಲೊಂದು ಹತ್ತಿ ಸೂರಿನವರೆಗೂ ಕೂತಿದ್ದವು. ಕುರ್ಚಿಗೂ ಕೂರಲು ಕುರ್ಚಿಯಿತ್ತು. ನಾವು ಆ ಸ್ಟೋರಿನ ಬಾಗಿಲಲ್ಲಿ ನಿಂತುಕೊಂಡು ಮಧ್ಯಾಹ್ನದ ಊಟ ಮಾಡುತ್ತಿದ್ದೆವು.

ಕಡೆಗೆ ಅತ್ತಿಗೆ ಅಕ್ಕನನ್ನೇ ಕೇಳಿದಳು. ಅಕ್ಕ ಅಂದರೆ ಜಾಲದ ಸಂಚಾಲಕಿ. ಅತ್ತಿಗೆಗಿಂತ ವಯಸ್ಸಿನಲ್ಲಿ ಚಿಕ್ಕವರು, ಆದರೂ ಅಕ್ಕ. ಬಂದ ಮೊದಲ ದಿನವೇ ಅಡುಗೆಮನೆಗೆ ಬಂದು, ನನ್ನನ್ನು ಮೇಡಂ ಅನ್ನಬೇಡಿ, ಇಲ್ಲಿ ಮೇಲು ಕೀಳಿಲ್ಲ, ಅಕ್ಕ ಅನ್ನಿ ಎಂದಿದ್ದರು. ನಮಗೆ ಆಗ ಖುಷಿಯಾಗಿತ್ತು. ತೊಂದರೆ ಗೊತ್ತಾಗಿದ್ದು ಆಮೇಲೆ. ಮೇಡಂ ಆಗಿದ್ದರೆ ಜಗಳವಾಡಬಹುದಿತ್ತು. ಅಕ್ಕನ ಹತ್ತಿರ ಜಗಳವಾಡಿದರೆ ಮನೆತನಕ್ಕೇ ಕೆಟ್ಟ ಹೆಸರು.

ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, ತಲೆ ಒಂದು ಕಡೆ ವಾಲಿಸಿ, ಅತ್ತಿಗೆಯ ಮಾತನ್ನೆಲ್ಲ ಕೇಳಿದರು. ನಿಮ್ಮ ನೋವು ನನಗೆ ಕೇಳಿಸಿತು ಎಂದರು. ಆಮೇಲೆ, ಅಡುಗೆಮನೆ ಗುತ್ತಿಗೆದಾರರದು, ಅವರನ್ನೇ ಕೇಳಬೇಕು ಎಂದರು. ಗುತ್ತಿಗೆದಾರ, ಕಟ್ಟಡ ಜಾಲದ್ದು, ಅವರ ಅಪ್ಪಣೆಯಿಲ್ಲದೆ ಒಂದು ಮೊಳೆಯನ್ನೂ ಒಳಗೆ ತರುವ ಹಾಗಿಲ್ಲ ಎಂದ. ಇವರು ಅವರ ಕಡೆ ಕೈ ತೋರಿಸಿದರು, ಅವರು ಇವರ ಕಡೆ. ನಡುವೆ ಅತ್ತಿಗೆ ಹುಣ್ಣಿನ ಕಾಲಿನ ಮೇಲೆ ನಿಂತಿದ್ದಳು.

ಇಲ್ಲಿ ಒಂದು ಮಾತಿನ ವಿಷಯ ಹೇಳಬೇಕು. ಜಾಲದ ತರಬೇತಿಗೆ ಬರುವವರಿಗೆ ‘ಸಹಭಾಗಿಗಳು’ ಎನ್ನುತ್ತಾರೆ. ವಿದ್ಯಾರ್ಥಿ ಅನ್ನಬಾರದಂತೆ, ಅತಿಥಿ ಅನ್ನಬಾರದಂತೆ. ದಿನಕ್ಕೆ ನೂರು ಸಲ ಮೈಕಿನಲ್ಲಿ ಸಹಭಾಗಿಗಳೇ, ಸಹಭಾಗಿಗಳೇ ಎಂದು ಕೂಗುತ್ತಿದ್ದರು. ನಮ್ಮ ನಾಲಿಗೆಗೆ ಭ ಬೇರೆ, ಬ ಬೇರೆ ಅಲ್ಲ. ಅಡುಗೆಮನೆಯ ಗೋಡೆ ದಾಟಿ ಬರುವಾಗ ಅದು ನಮಗೆ ‘ಸಹ ಬಾಗಿ’ ಎಂದೇ ಕೇಳುತ್ತಿತ್ತು. ನೀವು ಸಹ ಬಾಗಿ. ಅತ್ತಿಗೆ ಹಂಡೆಯೊಳಗಿನಿಂದಲೇ, “ಬಾಗಿದೀನಪ್ಪಾ, ಇನ್ನೆಷ್ಟು ಬಾಗ್ಲಿ,” ಎಂದು ಉತ್ತರ ಕೊಡುತ್ತಿದ್ದಳು. ಉಪ್ಪಣ್ಣ ನಗುತ್ತ ಒಲೆಯ ಮೇಲಿನ ಸಾರಿಗೆ ಇನ್ನೊಂದು ಹಿಡಿ ಉಪ್ಪು ಸುರಿಯುತ್ತಿದ್ದ. ಅವಳು ಆ ಮಾತನ್ನು ಎಂದೂ ಬೇರೆ ಥರ ತಿಳಿದುಕೊಳ್ಳಲಿಲ್ಲ. ಅವಳ ಪಾಲಿಗೆ ಅದು ಆ ಕಟ್ಟಡದ ಕೆಲಸದ ಹೆಸರು.

ಜಾಲದವರ ತರಬೇತಿಯಲ್ಲಿ ಹಾಡು, ಚಿತ್ರ, ಗುಂಪು ಚರ್ಚೆ ಎಲ್ಲ ಇರುತ್ತವೆ. ಎಲ್ಲಕ್ಕಿಂತ ದೊಡ್ಡದು ‘ಹಸಿವಿನ ಊಟ’ ಎನ್ನುವ ಆಟ. ಲೋಕದಲ್ಲಿ ಅನ್ನ ಹೇಗೆ ಹಂಚಿಹೋಗಿದೆ ಎಂದು ತೋರಿಸಲು ಮಾಡುವುದು. ಬಾಗಿಲಲ್ಲಿ ಎಲ್ಲರೂ ಚೀಟಿ ಎತ್ತಬೇಕು. ಕೆಲವರಿಗೆ ಕುರ್ಚಿಯ ಚೀಟಿ. ಅವರಿಗೆ ಬಿಳಿ ಬಟ್ಟೆ ಹಾಸಿದ ಮೇಜು, ಹುರಿದ ಮಾಂಸ, ಬೆಣ್ಣೆ ಹಚ್ಚಿದ ಬ್ರೆಡ್ಡು, ಹಣ್ಣು. ಇನ್ನು ಕೆಲವರಿಗೆ ಬೆಂಚಿನ ಚೀಟಿ, ಅನ್ನ ಮತ್ತು ಬೇಳೆ. ಉಳಿದ ಬಹಳ ಜನಕ್ಕೆ ನೆಲದ ಚೀಟಿ. ಅವರು ನೆಲದ ಮೇಲೆ ಕೂತು ತೆಳ್ಳನೆಯ ಗಂಜಿ ಕುಡಿಯಬೇಕು, ಒಂದೇ ಕೊಡದ ನೀರು ಹಂಚಿಕೊಳ್ಳಬೇಕು. ಗಂಜಿಗೆ ಉಪ್ಪು ಹಾಕಬಾರದು ಎಂದು ಅಡುಗೆಮನೆಗೆ ಅಪ್ಪಣೆಯಾಗಿತ್ತು. ಉಪ್ಪಣ್ಣನಿಗೆ ಅದು ಮಹಾ ಅವಮಾನ. ಬಡವರ ಹತ್ತಿರ ಇರುವುದೇ ಉಪ್ಪೊಂದು, ಅದನ್ನೂ ಕಿತ್ತುಕೊಂಡರಲ್ಲ ಎಂದು ಗೊಣಗಿದ.

ಕುರ್ಚಿ, ಬೆಂಚು, ನೆಲ. ಲೋಕದಲ್ಲಿ ಇರುವುದು ಈ ಮೂರೇ ಥರದ ಜನ ಎಂದು ಮೈಕಿನಲ್ಲಿ ಹೇಳುತ್ತಿದ್ದರು. ನಾನು ಸೌಟು ಹಿಡಿದು ಗೋಡೆಯ ಪಕ್ಕ ನಿಂತು ಕೇಳುತ್ತಿದ್ದೆ.

ಅತ್ತಿಗೆ ಕುರ್ಚಿಯಲ್ಲಿ ಕೂತ ದಿನ ಆ ಆಟದಲ್ಲಿ ನೋಡಿದ ನೂಕುನುಗ್ಗಲನ್ನು ನಾನು ಮರೆಯುವುದಿಲ್ಲ. ಎಲ್ಲರಿಗೂ ನೆಲದ ಚೀಟಿಯೇ ಬೇಕು. ಕುರ್ಚಿ ಸಿಕ್ಕವರ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದು ಅನುಭವವೇ ಆಗದಿದ್ದರೆ ಹೇಗೆ ಎಂದು ಗಡ್ಡದವರೊಬ್ಬರು ಕುರ್ಚಿಯ ಚೀಟಿ ಹಿಡಿದುಕೊಂಡು ನೆಲದವರನ್ನು ಬೇಡಿಕೊಳ್ಳುತ್ತ ಓಡಾಡಿದರು. ಯಾರೂ ಬದಲಾಯಿಸಿಕೊಳ್ಳಲಿಲ್ಲ. ನೆಲದವರು ಆಗಲೇ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಹಸಿಯಲು ಶುರು ಮಾಡಿದ್ದರು. ನಮ್ಮ ಓಣಿಯಲ್ಲಿ ಬಡತನ ಬಿಟ್ಟಿ ಸಿಗುತ್ತದೆ, ಇಷ್ಟು ಗಿರಾಕಿ ಇದೆ ಎಂದು ಗೊತ್ತಿರಲಿಲ್ಲ.

ನೀರಿನ ಕೊಡ ತರುವವನು ಆ ದಿನ ಬಂದಿರಲಿಲ್ಲ. ಮೇಸ್ತ್ರಿ ಅತ್ತಿಗೆಗೆ ಹೊರಿಸಿದ. ಒದ್ದೆ ಏಪ್ರನ್ ಹಾಕಿಕೊಂಡು ಊಟ ನಡೆಯುವ ದೊಡ್ಡ ಹಾಲ್‌ಗೆ ಹೋಗಬಾರದು ಎನ್ನುವುದೂ ಅವನದೇ ನಿಯಮ. ಏಪ್ರನ್ ಬಿಚ್ಚಿಟ್ಟು, ಕೊಡ ಸೊಂಟದ ಮೇಲಿಟ್ಟುಕೊಂಡು ಅವಳು ಹಾಲಿನ ಬಾಗಿಲಿಗೆ ಬಂದಳು. ಬಾಗಿಲಲ್ಲಿ ಚೀಟಿಯ ಡಬ್ಬಿ ಹಿಡಿದು ನಿಂತಿದ್ದ ಸ್ವಯಂಸೇವಕಿ ಹೊಸಬಳು. ಅತ್ತಿಗೆಯನ್ನು ಯಾವುದೋ ಹಳ್ಳಿಯ ಸಂಸ್ಥೆಯಿಂದ ಬಂದ ಹೆಂಗಸು ಎಂದುಕೊಂಡಳು. ಕೊಡವನ್ನು ನೋಡಿ ಅದೂ ಆಟದ ಒಂದು ಭಾಗ ಎಂದುಕೊಂಡಳು.

“ನೀವೂ ಸಹಭಾಗೀನಾ ಅಮ್ಮಾ?”

“ಮತ್ತಿನ್ನೇನು? ಬೆಳಗ್ಗೆಯಿಂದ ಬಾಗೇ ಇದೀನಿ.”

ಸ್ವಯಂಸೇವಕಿ ಡಬ್ಬಿ ಮುಂದೆ ಹಿಡಿದಳು. ಅತ್ತಿಗೆ ಕೊಡ ಇಳಿಸಿ, ಕೈ ಒರೆಸಿಕೊಂಡು, ಒಂದು ಚೀಟಿ ಎತ್ತಿದಳು. ಕುರ್ಚಿಯ ಚಿತ್ರ ಬಂತು.

ಅವಳು ಚೀಟಿಯನ್ನು ಒಮ್ಮೆ ನೋಡಿದಳು. ಹಾಲ್‌ನ ಕಡೆ ಒಮ್ಮೆ ನೋಡಿದಳು. ನನ್ನನ್ನೂ ನೋಡಿದಳು. ನಾನು ತಲೆ ಅಲ್ಲಾಡಿಸಿ ಬೇಡ ಎಂದೆ. ಅವಳು ಬಂದು ಬಿಳಿ ಬಟ್ಟೆಯ ಮೇಜಿನ ಮುಂದೆ, ಕುರ್ಚಿಯ ಮೇಲೆ, ಬೆನ್ನು ಆನಿಸಿ ಕೂತಳು. ಕೂತವಳೇ ‘ಹ್ಮ್’ ಎಂದು ಉಸಿರು ಬಿಟ್ಟಳು. ಹುಣ್ಣಿನ ಬಟ್ಟೆ ಬಿಡಿಸುವಾಗಲೂ ಅವಳ ಬಾಯಿಂದ ಅಂಥ ಉಸಿರು ಬಂದಿದ್ದನ್ನು ನಾನು ಕೇಳಿರಲಿಲ್ಲ.

ಯಾರಿಗೂ ಏನೂ ಗೊತ್ತಾಗಲಿಲ್ಲ. ಹಾಗೇ ಊಟ ಮುಗಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅಷ್ಟರಲ್ಲಿ ಹಣ ಕೊಡುವ ಸಂಸ್ಥೆಯ ಹಿರಿಯರು ಬಂದರು. ಅವರೂ ಚೀಟಿ ಎತ್ತಿದರು, ಎಲ್ಲರ ಹೊಟ್ಟೆ ಉರಿಯುವಂತೆ ಅವರಿಗೆ ನೆಲದ ಚೀಟಿ ಬಂತು. ಹಾಲ್‌ನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹಿರಿಯರು ಕೂರಲು ಹೋದರು. ಮಂಡಿ ಮಡಚಲಿಲ್ಲ. ಮಂಡಿಯ ಆಪರೇಷನ್ ಆಗಿತ್ತಂತೆ. ಪಾಪ, ಆ ಮನುಷ್ಯ ಒಳ್ಳೆಯವರೇ. ಪರವಾಗಿಲ್ಲ, ನಿಂತೇ ತಿನ್ನುತ್ತೇನೆ ಎಂದರು. ಅಕ್ಕ ಗಾಬರಿಯಾದರು. ನಿಂತು ಊಟ ಮಾಡುವುದೇ, ಎಲ್ಲಾದರೂ ಉಂಟೇ ಎಂದರು. ನಿಂತು ಊಟ ಮಾಡುವುದು ಮನುಷ್ಯರಿಗೆ ತಕ್ಕದ್ದಲ್ಲ ಎಂದು ಆ ಕಟ್ಟಡದಲ್ಲಿ ಒಬ್ಬರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸ್ಟೋರಿನಿಂದ ಇನ್ನೊಂದು ಕುರ್ಚಿ ತರಬಹುದಿತ್ತು. ಆದರೆ ಆಟದ ನಿಯಮವೇ ಅದು. ಲೋಕದಲ್ಲಿ ಇರುವಷ್ಟೇ ಕುರ್ಚಿ, ಹೊರಗಿನಿಂದ ತರುವ ಹಾಗಿಲ್ಲ. ಅಕ್ಕ ಕುರ್ಚಿಗಳ ಕಡೆ ಕಣ್ಣು ಹಾಯಿಸಿದರು. ಅತ್ತಿಗೆ ಕಂಡಳು. ಅಕ್ಕನ ಮುಖದಲ್ಲಿ ಸಮಸ್ಯೆ ಬಗೆಹರಿದ ಕಳೆ ಬಂತು. ಹತ್ತಿರ ಬಂದು, ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಮಾತಾಡಿದರು. ಪಕ್ಕದಲ್ಲಿ ಮಾಂಸದ ಪಾತ್ರೆ ಹಿಡಿದು ನಿಂತಿದ್ದ ನನಗೆ ಕೇಳಿಸಿತು. ನಾನು ಯಾರೂ ಅಲ್ಲವಲ್ಲ.

“ಅಮ್ಮಾ, ಇದು ಸಹಭಾಗಿಗಳಿಗೆ ಇಟ್ಟಿರೋ ಆಟ. ನೀವು ಏಳ್ಬೇಕು.”

“ಚೀಟಿ ನೀವೇ ಕೊಟ್ಟಿದ್ದು ಅಕ್ಕಾ.”

“ತಪ್ಪಾಗಿ ಕೊಟ್ಟಿದ್ದು.”

“ತಪ್ಪಾಗಿ ಕೊಟ್ರೂ ಕೊಟ್ಟಂಗೇ.”

“ಅವ್ರಿಗೆ ಕಾಲು ನೋವಮ್ಮಾ. ದೊಡ್ಡ ಆಪರೇಷನ್ ಆಗಿದೆ. ಸ್ವಲ್ಪ ಅರ್ಥ ಮಾಡ್ಕೊಳ್ಳಿ.”

ಅತ್ತಿಗೆ ಬಿಳಿ ಬಟ್ಟೆಯ ಅಡಿಯಿಂದ ಕಾಲು ಹೊರಗೆ ಚಾಚಿದಳು. ಸುತ್ತಿದ್ದ ಬಟ್ಟೆ ಬಿಚ್ಚಿದಳು. ಹುಣ್ಣು ಹಾಲ್‌ನ ಬೆಳಕಿನಲ್ಲಿ ಕೆಂಪಗೆ ಕಂಡಿತು. ಪಕ್ಕದ ಕುರ್ಚಿಯ ಗಡ್ಡದವರು ಬ್ರೆಡ್ಡು ಕೆಳಗಿಟ್ಟರು.

“ಕಾಲು ನಂಗೂ ಇದೆ ಅಕ್ಕಾ,” ಎಂದಳು. ಈ ಸಲ ಎಲ್ಲರಿಗೂ ಕೇಳಿಸುವ ಹಾಗೆ. “ಊಟ ಮುಗಿಸಿ ಏಳ್ತೀನಿ. ಏಯ್ ಸೌಟು, ಬಡಿಸು.”

ಬಾಗಿಲ ಹತ್ತಿರ ಮೇಸ್ತ್ರಿ ಕಣ್ಣಲ್ಲೇ ಬೇಡ ಎಂದ. ಕುತ್ತಿಗೆಯ ಮೇಲೆ ಬೆರಳು ಎಳೆದು ತೋರಿಸಿದ. ನಾನು ನೋಡದವಳ ಹಾಗೆ ಬಡಿಸಿದೆ. ದೊಡ್ಡ ತುಂಡನ್ನೇ ಹುಡುಕಿ ಹಾಕಿದೆ.

ಹಿರಿಯರು ನಾಚಿಕೊಂಡು ಬೆಂಚಿನ ಕಡೆ ಹೋದರು. ಬೆಂಚಿನವರು ಸ್ವಲ್ಪ ಸರಿದರು, ಜಾಗವಾಯಿತು. ಸರಿದರೆ ಜಾಗವಾಗುತ್ತದೆ ಎನ್ನುವುದು ಅಷ್ಟು ಹೊತ್ತು ಯಾರಿಗೂ ಹೊಳೆದಿರಲಿಲ್ಲ. ಅತ್ತಿಗೆ ನಿಧಾನಕ್ಕೆ ತಿಂದಳು. ಸೋಪಿನ ನೀರಲ್ಲಿ ನೆನೆದ ಬೆರಳುಗಳು ಬೆಳ್ಳಗೆ ಮುದುರಿಕೊಂಡಿದ್ದವು. ಎಲುಬನ್ನೂ ಬಿಡಲಿಲ್ಲ. ಹಣ್ಣು ತಿಂದಳು, ನೀರು ಕುಡಿದಳು. ಇಷ್ಟು ವರ್ಷ ಅವಳು ತೊಳೆದ ತಟ್ಟೆಗಳಲ್ಲಿ ಅವಳು ತಿಂದದ್ದು ಅದೊಂದೇ.  

ಊಟವಾದ ಮೇಲೆ ಎಲ್ಲರೂ ವೃತ್ತಾಕಾರವಾಗಿ ಕೂತು ಏನು ಕಲಿತೆವು ಎಂದು ಹೇಳುವ ಪದ್ಧತಿ. ಅಷ್ಟರಲ್ಲಿ ಅಕ್ಕ ಸುಧಾರಿಸಿಕೊಂಡಿದ್ದರು. ಇವತ್ತಿನ ಅತಿ ದೊಡ್ಡ ಕಲಿಕೆ ಇದು, ಈ ತಾಯಿ ನಮ್ಮ ಕಣ್ಣು ತೆರೆಸಿದರು ಎಂದರು. ಅತ್ತಿಗೆಯನ್ನು ಅಪ್ಪಿಕೊಂಡರು. ಗಡ್ಡದವರು ಅತ್ತರು. ಒಬ್ಬರು ಫೋಟೋ ತೆಗೆದರು, ಕಾಲಿನದನ್ನು ಬೇರೆಯಾಗಿ ತೆಗೆದರು. ನಿಮಗೆ ಏನನ್ನಿಸಿತು ಹೇಳಿ ಎಂದು ಮೈಕನ್ನು ಅತ್ತಿಗೆಯ ಬಾಯಿಗೆ ಹಿಡಿದರು. ಅವಳು, ಅಡುಗೆಮನೆಗೆ ಒಂದು ಸ್ಟೂಲು ಕೊಡಿ ಎಂದಳು.  ಅಕ್ಕ, ಇದನ್ನು ದಾಖಲಿಸಿಕೊಳ್ಳೋಣ ಎಂದರು. ಗೋಡೆಗೆ ಅಂಟಿಸಿದ್ದ ದೊಡ್ಡ ಹಾಳೆಯ ಮೇಲೆ ಹಸಿರು ಪೆನ್ನಿನಲ್ಲಿ ‘ಸ್ಟೂಲು’ ಎಂದು ಬರೆದು ಸುತ್ತ ಒಂದು ಹೂವಿನ ಚಿತ್ರ ಬಿಡಿಸಿದರು.

ಮರುದಿನ ಗೇಟಿನಲ್ಲೇ ಮೇಸ್ತ್ರಿ ಅತ್ತಿಗೆಯನ್ನು ತಡೆದ. ನಾಳೆಯಿಂದ ಬರಬೇಡ ಎನ್ನುವ ಮಾತಿಲ್ಲ, ಇವತ್ತಿನಿಂದಲೇ. ನಾನು ಅಕ್ಕನ ಹತ್ತಿರ ಓಡಿದೆ. ಅಕ್ಕನ ಕಣ್ಣು ತುಂಬಿ ಬಂತು. ಆದರೆ ಗುತ್ತಿಗೆದಾರರ ಒಳವಿಷಯದಲ್ಲಿ ನಾವು ಕೈ ಹಾಕಿದರೆ ಅದು ಯಜಮಾನಿಕೆ ಆಗುತ್ತದೆ, ಯಜಮಾನಿಕೆಯ ವಿರುದ್ಧವೇ ಅಲ್ಲವೇ ನಮ್ಮ ಹೋರಾಟ ಎಂದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನು ಹೌದು ಹೌದು ಎಂದು ತಲೆಯಾಡಿಸಿ ಅಡುಗೆಮನೆಗೆ ಬಂದುಬಿಟ್ಟೆ. ಬಂದ ಮೇಲೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಅತ್ತಿಗೆಗೆ ಬೇರೆ ಎಲ್ಲೂ ಕೆಲಸ ಸಿಗಲಿಲ್ಲ. ಹೋದ ಕಡೆಯಲ್ಲೆಲ್ಲ ಮೇಸ್ತ್ರಿಗಳ ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿರುತ್ತಿತ್ತು. ಅವರದೂ ಒಂದು ಜಾಲ. ‘ಕುರ್ಚಿ ಹತ್ತಿದವಳು’ ಎಂದು ಅವಳಿಗೆ ಹೆಸರು ಬಿತ್ತು. ಮನೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ತಂದುಕೊಂಡಳು. ಕಾಲು ಒಣಗತೊಡಗಿತು, ಹೊಟ್ಟೆಯೂ ಒಣಗತೊಡಗಿತು. ಡಾಕ್ಟರು ಹೇಳಿದಂಗೇ ಆಯ್ತು ನೋಡು, ಕೂತ್ಕೊಂಡೇ ಇದೀನಿ ಎಂದು ಅವಳು ನಗುತ್ತಿದ್ದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ತೊಟ್ಟಿ ಅಷ್ಟೇ ಕೆಳಗಿತ್ತು. ಸ್ವಲ್ಪ ದಿನಕ್ಕೆ ಅವಳೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಬರತೊಡಗಿದಳು.

ಮುಂದಿನ ದೊಡ್ಡ ತರಬೇತಿಗೆ ಜಾಲದವರು ಆಟವನ್ನು ತಿದ್ದಿದರು. ಅಡುಗೆಮನೆಯವರನ್ನೆಲ್ಲ ಕರೆದು ಅಕ್ಕ ಖುಷಿಯಿಂದ ಹೇಳಿದರು. ಇಷ್ಟು ದಿನ ನಾವು ಒಂದು ವರ್ಗವನ್ನೇ ಮರೆತಿದ್ದೆವು, ನಿಮ್ಮ ಅತ್ತಿಗೆಯೇ ಅದನ್ನು ಕಲಿಸಿದ್ದು ಎಂದರು. ಕುರ್ಚಿ, ಬೆಂಚು, ನೆಲ ಆದ ಮೇಲೆ ಈಗ ನಾಲ್ಕನೆಯದು. ನಿಂತವರ ಚೀಟಿ. ಆ ಚೀಟಿ ಬಂದವರು ಗೋಡೆಯ ಪಕ್ಕ ನಿಂತಿರಬೇಕು, ಅವರಿಗೆ ಊಟವಿಲ್ಲ, ಎಲ್ಲರದು ಮುಗಿದ ಮೇಲೆ ಉಳಿದದ್ದು. ಚೀಟಿಯ ಮೇಲೆ ಒಂದು ಹೆಂಗಸಿನ ಚಿತ್ರ, ಕಾಲಿಗೆ ಬಟ್ಟೆ ಸುತ್ತಿದ್ದು. ಬೇರೆ ಬೇರೆ ದೇಶಗಳ ಸಂಸ್ಥೆಗಳೂ ಈ ಆಟವನ್ನು ಕೇಳಿ ತರಿಸಿಕೊಳ್ಳುತ್ತಿವೆಯಂತೆ. ಚೀಟಿಯ ಚಿತ್ರವಾಗಿ ಅತ್ತಿಗೆ ಎಲ್ಲೆಲ್ಲಿಗೋ ಹೋಗಿದ್ದಳು. ಈ ಗೇಟಿನೊಳಗೆ ಮಾತ್ರ ಬರುವ ಹಾಗಿರಲಿಲ್ಲ.

ಇಲ್ಲ, ಒಂದು ದಿನಕ್ಕೆ ಕರೆದರು. ಉದ್ಘಾಟನೆಗೆ ಬರಬೇಕಂತೆ, ವೇದಿಕೆಯ ಮೇಲೆ ನಿಂತು ತನ್ನ ಅನುಭವ ಹೇಳಬೇಕಂತೆ ಎಂದು ನಾನು ಮನೆಯಲ್ಲಿ ಹೇಳಿದೆ. ಸ್ಟೂಲು ಕೊಟ್ಟರಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಬಾಯಲ್ಲಿ ದಾರ ಕತ್ತರಿಸಿ, ಇನ್ನೊಂದು ಗುಂಡಿ ಎತ್ತಿಕೊಂಡಳು.

“ಬರಕ್ಕಾಗಲ್ಲ, ಅತ್ತಿಗೆ ಕೂತಿದಾಳೆ ಅಂತ ಹೇಳು.”

ಹಾಗೆಯೇ ಹೇಳಿದೆ. ಎಷ್ಟು ಆಳವಾದ ಮಾತು ಎಂದು ಅಕ್ಕ ಬರೆದುಕೊಂಡರು.

ಆಟದ ದಿನ ಬಂತು. ಈ ಸಲ ನೆಲದ ಚೀಟಿಯನ್ನು ಕೇಳುವವರೇ ಇಲ್ಲ. ಎಲ್ಲರಿಗೂ ನಿಂತವರ ಚೀಟಿಯೇ ಬೇಕು. ಸಿಕ್ಕವರು ಗೋಡೆಗುಂಟ ಸಾಲಾಗಿ ನಿಂತರು. ಕೆಲವರು ಚಪ್ಪಲಿ ಬಿಟ್ಟು ನಿಂತರು, ಇನ್ನೂ ಚೆನ್ನಾಗಿ ನೋಯಲಿ ಎಂದು. ಒಬ್ಬರು ಕಣ್ಣು ಮುಚ್ಚಿ, ನನ್ನ ಸೊಂಟ ಹಿಡಿಯುತ್ತಿದೆ, ನನಗೆ ಗೊತ್ತಾಗುತ್ತಿದೆ ಎಂದು ಪಿಸುಗುಟ್ಟಿದರು. ಪಕ್ಕದವರು ಅವರ ಭುಜ ಒತ್ತಿದರು. ನಾನು ಬೇಳೆಯ ಪಾತ್ರೆ ಹೊತ್ತು ಹಾಲಿಗೆ ಬಂದೆ. ದಿನಾ ನಿಲ್ಲುವ ಜಾಗಕ್ಕೆ, ಗೋಡೆಯ ಪಕ್ಕಕ್ಕೆ ಹೋದೆ. ಅಲ್ಲಿ ಕಾಲಿಡಲು ಜಾಗವಿಲ್ಲ. ಕೈಯಲ್ಲಿ ಬಿಸಿ ಪಾತ್ರೆ, ಬೆರಳು ಸುಡುತ್ತಿದೆ. ಸ್ವಲ್ಪ ಸರಿಯಿರಿ ಎಂದೆ. ಕನ್ನಡಕ ಹಾಕಿದ ಹೆಂಗಸೊಬ್ಬರು ಕಣ್ಣು ತೆರೆದು ನನ್ನನ್ನು ನೋಡಿದರು. ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ ಹೇಳಿದರು.

“ನೀವು ಸ್ವಲ್ಪ ಆ ಕಡೆ ಹೋಗ್ತೀರಾ? ಇದು ನಿಂತವರ ಜಾಗ.”

ನನಗೆ ಮೊದಲು ನಗು ಬಂತು. ಆಮೇಲೆ ಅತ್ತಿಗೆಯ ಹುಣ್ಣು ಕಣ್ಣ ಮುಂದೆ ಬಂತು, ಬಿಸಿನೀರಿನಲ್ಲಿ ಬಟ್ಟೆಯ ಜೊತೆ ಎದ್ದು ಬರುವ ಚರ್ಮ ಬಂತು. ನಮ್ಮ ಕೂಳು ಹೋಯಿತು, ಕೆಲಸ ಹೋಯಿತು, ಕಾಲು ಹೋಗುವುದರಲ್ಲಿತ್ತು. ಕೊನೆಗೆ ನಿಲ್ಲುವ ಜಾಗವೂ ಇವರಿಗೇ ಬೇಕಾಯಿತೇ. ಪಾತ್ರೆಯನ್ನು ಎತ್ತಿಕೊಂಡು ಹಾಗೇ ತಿರುಗಿ ಅಡುಗೆಮನೆಗೆ ಬಂದೆ. ಒಲೆಯ ಪಕ್ಕ ಇಟ್ಟೆ. ಸೌಟನ್ನು ಅದರೊಳಗೆ ಬಿಟ್ಟೆ. ದೊಡ್ಡ ಹಂಡೆಯೊಂದನ್ನು ಕವುಚಿ ಹಾಕಿ ಅದರ ಮೇಲೆ ಕೂತೆ.

ಉಪ್ಪಣ್ಣ, ಏನಾಯಿತೇ ಎಂದ. ಹೇಳಿದೆ. ಅವನು ಒಲೆ ಆರಿಸಿದ. ಅಕ್ಕಿ ಮೂಟೆಯ ಮೇಲೆ ಕೂತ. ಪಾತ್ರೆ ತೊಳೆಯುವ ಹೊಸಬಳು ನಮ್ಮಿಬ್ಬರನ್ನೂ ನೋಡಿ, ಬಾಗಿಲ ಕಡೆ ನೋಡಿ, ಹೆದರುತ್ತ ಹೆದರುತ್ತ ತೊಟ್ಟಿಯ ಅಂಚಿನ ಮೇಲೆ ಕೂತಳು. ಆಮೇಲೆ ಹೆದರಿಕೆ ಬಿಟ್ಟು ಸರಿಯಾಗಿ ಕೂತಳು.

ಮೇಸ್ತ್ರಿ ಬಂದು ಕೂಗಾಡಿದ. ಮೂವರನ್ನೂ ಈಗಲೇ ತೆಗೆದುಹಾಕುತ್ತೇನೆ ಎಂದ. ತೆಗೆ, ಆಮೇಲೆ ಈ ಹಂಡೆ ನೀನೇ ಎತ್ತು ಎಂದು ಉಪ್ಪಣ್ಣ ಹೇಳಿದ. ಮೇಸ್ತ್ರಿ ಹಂಡೆಯನ್ನು ನೋಡಿದ. ಅಕ್ಕನನ್ನು ಕರೆದುಕೊಂಡು ಬರಲು ಹೋದ.

ಅಕ್ಕ ಬಂದರು. ಎದೆಯ ಮೇಲೆ ಕೈಯಿತ್ತು. ನಾವು ಕೂತಿರುವುದನ್ನು ನೋಡಿ ಕೈ ಕೆಳಗಿಳಿಯಿತು. ಹಾಲಿನಲ್ಲಿ ಅಷ್ಟು ಜನ ಕಾಯುತ್ತಿದ್ದಾರೆ, ಕುರ್ಚಿಯವರಿಗೂ ಊಟವಿಲ್ಲ, ನೆಲದವರಿಗೂ ಊಟವಿಲ್ಲ, ಆಟವೇ ಅರ್ಥ ಕಳೆದುಕೊಳ್ಳುತ್ತಿದೆ ಎಂದರು. ಮೊದಲು ಬಡಿಸಿ, ಆಮೇಲೆ ಎಲ್ಲರೂ ಕೂತು ಮಾತಾಡೋಣ ಎಂದರು.

“ಬಡಿಸೋದು ನಿಂತಿರೋರ ಕೆಲಸ ಅಕ್ಕಾ. ನಿಂತಿರೋರು ಹಾಲ್‌ನಲ್ಲಿದಾರೆ. ನಾವು ಕೂತಿದೀವಿ.”

“ಹೀಗೆ ಮಾಡಿದ್ರೆ ಹೇಗೆ? ನಾವೆಲ್ಲ ಒಂದೇ ಅಲ್ವಾ?”

“ಒಂದೇ ಆಗಿದ್ರೆ ನಮ್ಮ ಅತ್ತಿಗೆ ಯಾಕೆ ಮನೇಲಿದಾಳೆ? ಅವ್ಳನ್ನ ವಾಪಸ್ ಕರ್ಕೊಂಬನ್ನಿ. ತೊಟ್ಟಿ ಪಕ್ಕ ಸ್ಟೂಲು ಹಾಕಿ. ಅವ್ಳು ಅದರ ಮೇಲೆ ಕೂತ ಮೇಲೆ ನಾವು ಏಳ್ತೀವಿ.”

ನನ್ನ ಧ್ವನಿ ನಡುಗುತ್ತಿತ್ತು. ಆದರೆ ಕೂತಿದ್ದೆನಲ್ಲ, ಕಾಲು ನಡುಗಲಿಲ್ಲ. ಕೂತು ಮಾತಾಡುವವರಿಗೆ ಇಷ್ಟು ಬಲ ಎಲ್ಲಿಂದ ಬರುತ್ತದೆ ಎನ್ನುವುದು ನನಗೆ ಆಗ ತಿಳಿಯಿತು. ಅಕ್ಕ ಏನೋ ಹೇಳಲು ಬಾಯಿ ತೆರೆದರು. ಗುತ್ತಿಗೆದಾರರ ಹೆಸರು ತುಟಿಯವರೆಗೂ ಬಂದಿತ್ತು, ನಾನು ನೋಡಿದೆ. ಮೇಸ್ತ್ರಿ ಅವರ ಮುಖ ನೋಡುತ್ತಿದ್ದ, ಅವರು ಮೇಸ್ತ್ರಿಯ ಮುಖ ನೋಡುತ್ತಿದ್ದರು. ಇಬ್ಬರೂ ನಿಂತಿದ್ದರು.

ಅಷ್ಟರಲ್ಲಿ ಹಾಲಿನ ಕಡೆಯ ಬಾಗಿಲು ತೆರೆಯಿತು. ಅದೇ ಕನ್ನಡಕದ ಹೆಂಗಸು. ಕೈಯಲ್ಲಿ ನಿಂತವರ ಚೀಟಿ ಇನ್ನೂ ಇತ್ತು. ಒಂದು ಕಾಲು ಎತ್ತಿ, ಇನ್ನೊಂದರ ಮೇಲೆ ಭಾರ ಹಾಕಿಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಂತರು.

“ಅಕ್ಕಾ, ಕಾಲು ತುಂಬಾ ನೋಯ್ತಿದೆ. ಅನುಭವ ಸಾಕಾಯ್ತು ಎಲ್ರಿಗೂ. ಇನ್ನು ಕೂತ್ಕೋಬಹುದಾ?”

ಉತ್ತರ ನಾನು ಕೊಟ್ಟೆ.

“ಇಲ್ಲಮ್ಮಾ. ಎಲ್ರಿಗೂ ಬಡಿಸಿ, ಪಾತ್ರೆ ತೊಳೆದು, ಆಮೇಲೆ ಕೂತ್ಕೊಳ್ಳಿ.”